ಏಳನೇ ಚಿತ್ರದ ಬಿಳಿ ತೇಪೆ

ಮಂಡ್ಯ
12 ಜನವರಿ 2025

ಮದ್ದೂರಿನ ಮರಿಯಯ್ಯನವರ ಪ್ರಿಂಟಿಂಗ್ ಅಂಗಡಿಯ ಮಹದೇವು ಅವರಿಗೆ,

ನೀವು ನನ್ನನ್ನು ಕಂಡಿಲ್ಲ. ನಿಮ್ಮ ಹೆಸರೂ ಅಂಗಡಿಯ ವಿಳಾಸವೂ ನನಗೆ ಸಿಕ್ಕಿದ್ದು ನನ್ನ ಮಗ ಶ್ರೀಕರನ ಡೈರಿಯಲ್ಲಿ. ನವೆಂಬರ್ ನಾಲ್ಕರ ಹಾಳೆಯಲ್ಲಿ ‘ಮಹದೇವು, ಚಿತ್ರ 7, ಅಕ್ಷರ ಬದಲು’ ಎಂದು ಬರೆದುಕೊಂಡಿದ್ದಾನೆ. ಅದಾದ ಏಳನೇ ದಿನದ ಸಂಜೆ ಹನಕೆರೆ ಹತ್ತಿರ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ಅವನ ಬೈಕು ಬಡಿಯಿತು. ಅವನೂ ಉಳಿಯಲಿಲ್ಲ, ಚೀಲದಲ್ಲಿದ್ದ ಲ್ಯಾಪ್‌ಟಾಪೂ ಪೆನ್‌ಡ್ರೈವೂ ಉಳಿಯಲಿಲ್ಲ.

ಈ ಜಿಲ್ಲೆಯ ನಲವತ್ತೆರಡು ಬಾವಿಗಳ ನೀರಿನಲ್ಲಿ ಎಷ್ಟು ಫ್ಲೋರೈಡ್ ಇದೆ ಎಂಬುದು ಅವನ ಪಿಎಚ್‌ಡಿ ಪ್ರಬಂಧದ ವಿಷಯ. ಪ್ರಬಂಧ ಮುಗಿದಿದ್ದರಿಂದ ಅವನ ಹೆಸರಿನಲ್ಲಿ ಪದವಿ ಕೊಡಲು ವಿಶ್ವವಿದ್ಯಾಲಯ ಒಪ್ಪಿತ್ತು. ಹೋದ ವಾರ ಅದನ್ನು ತಡೆಹಿಡಿದಿದ್ದಾರೆ. ಕೋಷ್ಟಕದಲ್ಲಿ ನಲವತ್ತೆರಡು ಬಾವಿಗಳಿವೆ, ಏಳನೇ ಚಿತ್ರದಲ್ಲಿ ನಲವತ್ತೊಂದು ಚುಕ್ಕೆಗಳಿವೆ. ಇಲ್ಲದಿರುವುದು ಹತ್ತೊಂಬತ್ತನೇ ಬಾವಿ. ಉಳಿದವುಗಳ ಸಾಲಿಗೆ ಸೇರದೆ ದೂರ ನಿಲ್ಲಬೇಕಾಗಿದ್ದ ಚುಕ್ಕೆ ಅದೊಂದೇ. ತನ್ನ ಗೆರೆ ಚೆನ್ನಾಗಿ ಕಾಣಲೆಂದು ಹುಡುಗ ಅದನ್ನು ಅಡಗಿಸಿದ್ದಾನೆ ಎಂಬುದು ಸಮಿತಿಯ ಸಂಶಯ. ಅವನ ಗೈಡ್ ಹರಿಪ್ರಿಯಾ ಮನೆಗೆ ಬಂದು, ಕೊಟ್ಟ ಕಾಫಿಯನ್ನು ಕುಡಿಯದೆ, ಇದನ್ನು ಕಾಗದದ ಮೇಲೆ ಬರೆದು ತೋರಿಸಿ ಹೋದರು.

ನಾನು ಮೂವತ್ತೊಂದು ವರ್ಷ ಗಣಿತ ಕಲಿಸಿದವಳು. ಲೆಕ್ಕ ತಪ್ಪಿದ ಮಗನನ್ನು ಒಪ್ಪಬಲ್ಲೆ. ಲೆಕ್ಕ ಅಡಗಿಸಿದ ಮಗ ನನಗೆ ಗೊತ್ತಿಲ್ಲ.

ಚಿತ್ರ 7ಕ್ಕೆ ನೀವು ಏನು ಮಾಡಿದಿರಿ, ಮೂಲ ಚಿತ್ರ ನಿಮ್ಮಲ್ಲಿ ಇದೆಯೇ, ತಿಳಿಸಿ. ದಯವಿಟ್ಟು ಫೋನು ಮಾಡಬೇಡಿ. ಎರಡು ವರ್ಷದಿಂದ ನನಗೆ ಕಿವಿ ಕೇಳುವುದಿಲ್ಲ. ಫೋನಿನ ಸಣ್ಣ ಅಕ್ಷರವೂ ಕಣ್ಣಿಗೆ ನಿಲ್ಲುವುದಿಲ್ಲ. ಕಾಗದದಲ್ಲಿ ಬರೆಯಿರಿ.

ಆಂಡಾಳ್


ಮದ್ದೂರು
20 ಜನವರಿ 2025

ಆಂಡಾಳ್ ಟೀಚರ್‌ಗೆ ಮಹದೇವು ಮಾಡುವ ನಮಸ್ಕಾರ.

ನಾನು ಹತ್ತನೇ ಕ್ಲಾಸಿನವರೆಗೆ ಓದಿದವನು. ಗಣಿತದಲ್ಲಿ ಮೂವತ್ತೈದು. ಗಣಿತದ ಟೀಚರ್‌ಗೆ ಪತ್ರ ಬರೆಯಬೇಕು ಅಂದಾಗ ಮೂರು ಹಾಳೆ ಹರಿದೆ.

ಶ್ರೀಕರ ಸಾರ್ ತೀರಿಕೊಂಡಿದ್ದು ನನಗೆ ಪೇಪರ್‌ನಲ್ಲಿ ಗೊತ್ತಾಯಿತು. ಅಂಗಡಿಯಲ್ಲಿ ಬೈಂಡಿಂಗ್ ಮಾಡುವಾಗ ಗೋಂದು ಬೀಳದಿರಲಿ ಅಂತ ಹಳೇ ಪೇಪರ್ ಹಾಸುತ್ತೇವೆ. ಹಾಗೆ ಹಾಸಿದ ಪೇಪರ್‌ನಲ್ಲಿ ಅವರ ಫೋಟೊ ಇತ್ತು. ಅವರು ಹೋಗಿ ಆಗಲೇ ಹತ್ತು ದಿನ ಆಗಿತ್ತು.

ಅವರು ನನಗೆ ಮೊದಲು ಸಿಕ್ಕಿದ್ದು ಅಂಗಡಿಯಲ್ಲಿ ಅಲ್ಲ. ನಮ್ಮ ಸಣ್ಣ ಹಳ್ಳಿ, ದೊಡ್ಡಿ ಅನ್ನುತ್ತೇವೆ, ಮಳವಳ್ಳಿ ದಾಟಿ ಒಳಗಡೆ ಇದೆ. ಅಲ್ಲಿ ಬೋರಿಂಗ್ ಪಂಪಿನ ಹತ್ತಿರ ಬಾಟಲಿ ಹಿಡಿದು ನಿಂತಿದ್ದರು. ನನ್ನನ್ನು ಕರೆದು, ಸ್ವಲ್ಪ ನಗಿ ಅಂದರು. ಯಾಕೆ ಸಾರ್ ಅಂದೆ. ಹಲ್ಲು ನೋಡಬೇಕು, ನೀರಿನ ಫ್ಲೋರೈಡು ಅಲ್ಲೇ ಕಾಣೋದು ಅಂದರು. ನನ್ನ ಹಲ್ಲಿನ ಮೇಲೆ ಕಂದು ಗೆರೆಗಳಿವೆ, ಚಿಕ್ಕಂದಿನಿಂದ. ನಮ್ಮ ದೊಡ್ಡಿಯಲ್ಲಿ ಎಲ್ಲರಿಗೂ ಇವೆ, ಅದಕ್ಕೆ ಅದು ಗೆರೆ ಅಂತ ನಮಗೆ ಅನ್ನಿಸಿರಲೇ ಇಲ್ಲ. ಆಮೇಲೆ ನಾನು ಮದ್ದೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತೇನೆ ಅಂತ ತಿಳಿದು ಅಂಗಡಿಗೆ ಬರಲು ಶುರು ಮಾಡಿದರು.

ನನಗೆ ಒಂದು ಕಡೆ ಕೂರಲು ಆಗುವುದಿಲ್ಲ ಟೀಚರ್. ಆಲೆಮನೆ ಬಿಟ್ಟೆ, ಮೊಬೈಲ್ ಅಂಗಡಿ ಬಿಟ್ಟೆ, ಖಾಸಗಿ ಬಸ್ಸಿನ ಬಾಗಿಲಲ್ಲಿ ನಿಲ್ಲುವ ಕೆಲಸ ಬಿಟ್ಟೆ. ಈ ಅಂಗಡಿಯಲ್ಲಿ ಎರಡು ವರ್ಷ ಕೂತಿದ್ದು ಅವರು ಬರುತ್ತಿದ್ದರು ಅಂತಲೇ. ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತು ಪರದೆ ತೋರಿಸಿ ಹೇಳಿಕೊಡುತ್ತಿದ್ದರು.

ನವೆಂಬರ್ ನಾಲ್ಕನೇ ತಾರೀಕು ಅವರು ಆತುರದಲ್ಲಿದ್ದರು. ಲ್ಯಾಪ್‌ಟಾಪು ರಿಪೇರಿಗೆ ಹೋಗಿತ್ತು. ಚಿತ್ರದಲ್ಲಿ ಅಡ್ಡಗೆರೆ ಬಾವಿಯ ಆಳ, ನೆಟ್ಟಗೆರೆ ನೀರಿನಲ್ಲಿರುವ ಫ್ಲೋರೈಡು. ಮಾತಿನ ಅಕ್ಷರಗಳೆಲ್ಲ ನೆಟ್ಟಗೆ, ಸಾದಾ ಇದ್ದವು. ಲೆಕ್ಕದ ಅಕ್ಷರ ಮಾತ್ರ, ಅಂದರೆ ಆಳಕ್ಕೆ ಬರೆದ ಡಿ, ಫ್ಲೋರೈಡಿಗೆ ಬರೆದ ಸಿ, ಮೂಲೆಯಲ್ಲಿದ್ದ ಸಮೀಕರಣ, ಓರೆಯಾಗಿ ಬೇರೆ ಥರ ನಿಂತಿದ್ದವು. ಚಿತ್ರದೊಳಗಿನ ಎಲ್ಲ ಅಕ್ಷರವೂ ಸಾನ್ಸ್ ಸೆರಿಫ್ ಇರಬೇಕು, ಲೆಕ್ಕದ್ದೂ ಸೇರಿ, ಅಂತ ವಿಶ್ವವಿದ್ಯಾಲಯದ ನಿಯಮ. ಹಾಗಂದರೆ ಏನು ಅಂತ ಕೇಳಿದೆ.

“ನಮ್ಮ ಅಕ್ಷರಕ್ಕೆ ತಲೆಕಟ್ಟು ಇರುತ್ತಲ್ಲ ಮಹದೇವು, ಹಂಗೆ ಇಂಗ್ಲಿಷ್ ಅಕ್ಷರಕ್ಕೆ ಕೆಲವು ಅಚ್ಚಿನಲ್ಲಿ ಪಾದ ಇರುತ್ತೆ. ಚಿತ್ರ ಸಣ್ಣದು ಮಾಡಿದಾಗ ಆ ಪಾದಗಳು ಕಲಸಿಹೋಗ್ತವೆ. ಪಾದ ತೆಗೆದುಬಿಡು, ಅಷ್ಟೇ.”

ತೆಗೆದೆ. ನನ್ನ ಕೆಲಸ ಅಷ್ಟೇ. ಅಕ್ಷರ ಬದಲಿಸಿದ್ದು ಬಿಟ್ಟರೆ ನಾನು ಯಾವ ಚುಕ್ಕೆಯನ್ನೂ ಮುಟ್ಟಿಲ್ಲ. ಅವರು ನೋಡಿ, ಚೆನ್ನಾಗಿದೆ ಅಂದು, ತೆಗೆದುಕೊಂಡು ಹೋದರು. ಮೂಲ ಚಿತ್ರ ಅವರ ಪೆನ್‌ಡ್ರೈವಿನಲ್ಲೇ ಹೋಯಿತು.

ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ತಪ್ಪು ತಿಳಿಯಬೇಡಿ.

ಮಹದೇವು


ಮದ್ದೂರು
16 ಫೆಬ್ರವರಿ 2025

ಟೀಚರ್,

ನೀವು ಉತ್ತರ ಬರೆದಿಲ್ಲ, ಆದರೂ ಬರೆಯುತ್ತಿದ್ದೇನೆ. ಕೂತರೆ ಆಗುತ್ತಿಲ್ಲ, ಎದ್ದರೂ ಆಗುತ್ತಿಲ್ಲ.

ನಮ್ಮ ಅಂಗಡಿಯಲ್ಲಿ ಎರಡು ಕಂಪ್ಯೂಟರ್. ಹೊಸದರಲ್ಲಿ ಮದುವೆ ಕಾರ್ಡಿನ ಕೆಲಸ. ಹಳೆಯದು ನನ್ನದು. ಅದು ಎಷ್ಟು ನಿಧಾನ ಅಂದರೆ ಚಿತ್ರ ಒಂದೇ ಸಲಕ್ಕೆ ಬರುವುದಿಲ್ಲ. ಮೊದಲು ಎರಡು ಗೆರೆ ಬರುತ್ತವೆ. ಆಮೇಲೆ ಒಂದೊಂದೇ ಚುಕ್ಕೆ, ಕತ್ತಲಾಗುವಾಗ ಊರಿನಲ್ಲಿ ಒಂದೊಂದೇ ಮನೆಯ ದೀಪ ಹತ್ತಿದ ಹಾಗೆ. ಆಮೇಲೆ ಅಕ್ಷರ.

ನಿಮ್ಮ ಪತ್ರ ಬಂದ ಮೇಲೆ ಏಳನೇ ಚಿತ್ರಕ್ಕೆ ನಾನು ಅಕ್ಷರ ಬದಲಿಸಿದ ಫೈಲು ತೆರೆದು ನೋಡಿದೆ. ಹಾಡುಹಗಲು, ಹನ್ನೊಂದು ಗಂಟೆ, ಹೊರಗೆ ಬಸ್ಸುಗಳು ಕೂಗುತ್ತಿದ್ದವು. ಎಡಗಡೆ ಮೇಲೆ, ಸಮೀಕರಣ ಇರುವ ಮೂಲೆಯಲ್ಲಿ, ಏನೋ ಬಂದು ಹೋಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ. ಮುಚ್ಚಿ ಮತ್ತೆ ತೆರೆದೆ. ಮತ್ತೆ ಬಂತು, ಮತ್ತೆ ಹೋಯಿತು. ಹನ್ನೊಂದು ಸಲ ತೆರೆದೆ. ಹನ್ನೊಂದು ಸಲವೂ.

ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಅಜ್ಜಿ ಪಟ್ಟಲಮ್ಮನ ಮುಂದೆ ಬಾಯಿ ತಪ್ಪಿ ಆಡಿದೆ. ಅಕ್ಷರದ ಪಾದ ತೆಗೆಯುವ ಕೆಲಸ ಮಾಡುತ್ತೇನೆ ಅಂತ ಅವಳಿಗೆ ಹಿಂದೆ ಒಂದು ಸಲ ಹೇಳಿದ್ದೆ, ಅದನ್ನು ನೆನಪಿಟ್ಟುಕೊಂಡಿದ್ದಳು. ಅವಳು ಹೇಳಿದಳು, “ಪಾದ ಇಲ್ದಿದ್ದು ಗಾಳಿ ಕಣ್ಲಾ. ಸತ್ತೋರ್ ಸಾಮಾನ್ಗೆ ಕೈ ಆಕ್ಬುಟ್ಟು, ಪಾದ ಬ್ಯಾರೆ ಕತ್ತರ್ಸಿದ್ದೀಯ. ಅದು ನೆಲ ಸಿಕ್ದೆ ಅಲೀತಾ ಅದೆ.”

ಬೇವಿನ ಸೊಪ್ಪು ತಂದು ನನ್ನ ಮುಖದ ಸುತ್ತ ಮೂರು ಸಲ ನಿವಾಳಿಸಿದಳು. ನಾನು ನಗಲಿಲ್ಲ.

ಟೀಚರ್, ನಿಮಗೆ ಹಾಗೆ ಏನಾದರೂ ಕಾಣಿಸುತ್ತದೆಯೇ? ಮನೆಯಲ್ಲಿ, ಅವರು ಕೂರುತ್ತಿದ್ದ ಜಾಗದಲ್ಲಿ? ನಾನು ಕೇಳಬಾರದಿತ್ತು. ಬರೆದುಬಿಟ್ಟೆ, ಹೊಡೆದುಹಾಕಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಮಹದೇವು


ಮಂಡ್ಯ
24 ಫೆಬ್ರವರಿ 2025

ಮಹದೇವು,

ನನಗೆ ಏನೂ ಕಾಣಿಸುವುದಿಲ್ಲ. ಕಾಣಿಸಿದ್ದರೆ ಒಳ್ಳೆಯದಿತ್ತು. ಬಾಗಿಲು ತಟ್ಟಿದ್ದು ಕೇಳಿಸದ ಕಾರಣ, ಅವನು ಬಂದಾಗ ದೀಪದ ಸ್ವಿಚ್ಚನ್ನು ಎರಡು ಸಲ ಆರಿಸಿ ಹಾಕುತ್ತಿದ್ದ. ಈಗ ಕರೆಂಟು ಹೋಗಿ ಬಂದಾಗಲೆಲ್ಲ ನಾನು ತಲೆ ಎತ್ತುತ್ತೇನೆ. ಇಷ್ಟೇ.

ಚಿತ್ರವನ್ನು ಗೋಡೆಗೆ ಅಂಟಿಸಿ ಒಂದೊಂದು ಚುಕ್ಕೆಗೆ ಒಂದೊಂದು ಗುಂಡುಸೂಜಿ ಚುಚ್ಚಿ ಎಣಿಸಿದೆ. ನಲವತ್ತೊಂದು. ಉಳಿದ ಒಂದು ಸೂಜಿ ಕೈಯಲ್ಲೇ ಇದೆ.

ಹರಿಪ್ರಿಯಾ ಮತ್ತೆ ಬಂದಿದ್ದರು. ಸಮಿತಿ ಮೇ ತಿಂಗಳಲ್ಲಿ ಕೊನೆಯದಾಗಿ ಕೂರುತ್ತದೆ. ಅಷ್ಟರಲ್ಲಿ ಕಾರಣ ಸಿಗದಿದ್ದರೆ, ಪದವಿ ಇಲ್ಲ ಎಂದಷ್ಟೇ ಬರೆಯುವುದಿಲ್ಲ, ಯಾಕೆ ಇಲ್ಲ ಎಂದೂ ಬರೆಯುತ್ತಾರೆ. ಅವನ ಹೆಸರಿನ ಮುಂದೆ.

ನಿಮ್ಮನ್ನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಆ ದಿನ ಶ್ರೀಕರ ನಿಮ್ಮ ಪಕ್ಕ ಕೂತಿದ್ದಾಗ, ಆ ಒಂದು ಚುಕ್ಕೆ ತೆಗೆದುಬಿಡು ಎಂದು ಹೇಳಿದನೇ? ಹೇಳಿದ್ದರೆ ಹೇಳಿದ ಎಂದು ಬರೆಯಿರಿ. ತಾಯಿಗೆ ನೋವಾಗುತ್ತದೆ ಎಂದು ಮುಚ್ಚಿಡಬೇಡಿ. ನೋವು ಆಗಿಹೋಗಿದೆ. ನನಗೆ ಬೇಕಿರುವುದು ಉತ್ತರ.

ಆಂಡಾಳ್


ಮದ್ದೂರು
3 ಮಾರ್ಚ್ 2025

ಟೀಚರ್‌ಗೆ,

ತುಂಬಾ ದಿನ ಆದ್ದರಿಂದ ಸರಿಯಾಗಿ ನೆನಪಿಲ್ಲ. ಆ ಮೂಲೆಯನ್ನು ಸ್ವಲ್ಪ ಕ್ಲೀನ್ ಮಾಡು ಅಂತ ಅವರು ಏನೋ ಹೇಳಿದ ಹಾಗೆ ನೆನಪು. ನಿಕ್ಕಿಯಾಗಿ ಹೇಳಲು ಆಗುವುದಿಲ್ಲ.

ಅಂಗಡಿಯಲ್ಲಿ ಕೆಲಸ ಜಾಸ್ತಿ ಇದೆ.

ಮಹದೇವು


ಹನಕೆರೆ
6 ಏಪ್ರಿಲ್ 2025

ಟೀಚರ್,

ಒಂದು ತಿಂಗಳಿಂದ ನಿಮ್ಮ ಪತ್ರ ಇಲ್ಲ. ಮರಿಯಯ್ಯನವರ ಅಂಗಡಿಯ ವಿಳಾಸಕ್ಕೆ ಬರೆದಿದ್ದರೆ ನನಗೆ ಸಿಕ್ಕಿರುವುದಿಲ್ಲ. ಆ ಅಂಗಡಿ ಬಿಟ್ಟೆ. ಈಗ ಹನಕೆರೆ ಸ್ಟೇಷನ್ ಹತ್ತಿರ ಪಂಕ್ಚರ್ ಅಂಗಡಿಯಲ್ಲಿದ್ದೇನೆ.

ಇಲ್ಲಿಗೇ ಯಾಕೆ ಬಂದೆ ಅಂತ ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಆ ಜಾಗ ಇಲ್ಲಿಂದ ಕಾಣುತ್ತದೆ. ರಸ್ತೆಯ ಪಕ್ಕ ಒಂದು ಬೇವಿನ ಮರ, ಅದರ ಕೆಳಗೆ ಇನ್ನೂ ಗಾಜಿನ ಚೂರು ಹೊಳೆಯುತ್ತದೆ. ಟ್ರ್ಯಾಕ್ಟರುಗಳು ಗಾಳಿ ತುಂಬಿಸಲು ನಿಂತಾಗ ನಾನು ಹಿಂದೆ ಹೋಗಿ ಟ್ರೇಲರಿಗೆ ಹೊಳೆಯುವ ಕೆಂಪು ಸ್ಟಿಕ್ಕರ್ ಅಂಟಿಸುತ್ತೇನೆ. ಕೇಳದೇ ಅಂಟಿಸುತ್ತೇನೆ. ಒಬ್ಬ ಡ್ರೈವರ್ ಇಳಿದು ಬಂದು, “ಏನ್ಲಾ ಇದು, ನಮ್ ಗಾಡಿಗೆ ಕುಂಕುಮ ಇಕ್ತಿದ್ದೀಯಾ” ಅಂದ. ಹೌದು ಅಂದೆ.

ಆದರೆ ಇಲ್ಲಿಯೂ ಅದೇ ಕೆಲಸ ಟೀಚರ್. ತೂತು ಹುಡುಕುವುದು, ಮೇಲೆ ತೇಪೆ ಇಡುವುದು, ಒತ್ತುವುದು. ಟ್ಯೂಬು ನೀರಿಗೆ ಮುಳುಗಿಸಿದಾಗ ತೂತಿದ್ದ ಕಡೆ ಗುಳ್ಳೆ ಬರುತ್ತದೆ. ಒಂದೇ ಜಾಗದಿಂದ, ಬಿಡದೆ. ನಾನು ಅದನ್ನೇ ನೋಡುತ್ತಾ ನಿಂತುಬಿಡುತ್ತೇನೆ.

ಮಾರ್ಚ್‌ನಲ್ಲಿ ನಾನು ಬರೆದ ಪತ್ರವನ್ನು ನೀವು ಯಾರಿಗಾದರೂ ತೋರಿಸಿದಿರಾ?

ಮಹದೇವು


ಮಂಡ್ಯ
18 ಏಪ್ರಿಲ್ 2025

ಮಹದೇವು,

ತೋರಿಸಿಲ್ಲ. ಡೈರಿಯಲ್ಲಿ ಇಟ್ಟಿದ್ದೇನೆ, ನವೆಂಬರ್ ನಾಲ್ಕರ ಹಾಳೆಯ ಎದುರಿಗೆ.

ಒಂದು ತಿಂಗಳು ಬರೆಯದಿದ್ದುದಕ್ಕೆ ಕಾರಣವಿದೆ. ಲೆಕ್ಕ ಮಾಡುತ್ತಿದ್ದೆ. ಚುಕ್ಕೆಗಳ ನಡುವೆ ಹಾದುಹೋಗುವ ಆ ಗೆರೆ ಇದೆಯಲ್ಲ, ಅದನ್ನು ಕಣ್ಣಂದಾಜಿನಲ್ಲಿ ಎಳೆಯುವುದಿಲ್ಲ. ಪ್ರತಿಯೊಂದು ಚುಕ್ಕೆಯೂ ಗೆರೆಯನ್ನು ತನ್ನ ಕಡೆಗೆ ಸ್ವಲ್ಪ ಎಳೆಯುತ್ತದೆ. ಯಾವ ಚುಕ್ಕೆ ಸೇರಿದೆ, ಯಾವುದು ಸೇರಿಲ್ಲ ಎಂಬುದರ ಮೇಲೆ ಗೆರೆಯ ಇಳಿಜಾರು ಬದಲಾಗುತ್ತದೆ. ನಾನು ಪ್ರಬಂಧದ ಕೊನೆಯ ಕೋಷ್ಟಕ ಹಿಡಿದು, ಪೆನ್ಸಿಲ್ಲಿನಲ್ಲಿ, ಕೈಯಲ್ಲೇ ಲೆಕ್ಕ ಹಾಕಿದೆ. ಕಣ್ಣು ಮಂಜಾಗುವುದರಿಂದ ದಿನಕ್ಕೆ ಒಂದು ಗಂಟೆ ಮಾತ್ರ. ಎರಡು ಸಲ ಮಾಡಿದೆ.

ಹತ್ತೊಂಬತ್ತನೇ ಬಾವಿಯನ್ನು ಬಿಟ್ಟರೆ ಇಳಿಜಾರು 0.023. ಸೇರಿಸಿದರೆ 0.020.

ಚಿತ್ರದ ಎಡಮೂಲೆಯಲ್ಲಿ, ನೀವು ಪಾದ ತೆಗೆದು ಬರೆದ ಸಮೀಕರಣದಲ್ಲಿ, 0.020 ಎಂದಿದೆ.

ಗೆರೆ ಎಳೆದಾಗ ಆ ಚುಕ್ಕೆ ಅಲ್ಲಿತ್ತು ಮಹದೇವು. ಅಡಗಿಸಬೇಕೆಂದಿದ್ದವನು ಲೆಕ್ಕದಿಂದ ಮೊದಲು ತೆಗೆಯುತ್ತಾನೆ. ನನ್ನ ಮಗ ಅದನ್ನು ಲೆಕ್ಕಕ್ಕೆ ಹಿಡಿದಿದ್ದಾನೆ. ಗೆರೆಗೆ ಆ ಬಾವಿ ಇನ್ನೂ ನೆನಪಿದೆ. ಚಿತ್ರಕ್ಕೆ ನೆನಪಿಲ್ಲ.

ಇದನ್ನು ಹರಿಪ್ರಿಯಾಗೆ ತೋರಿಸಿದೆ. ಅವರು ಅತ್ತರು. ಆದರೆ ಸಮಿತಿಗೆ ಇದು ಸಾಲದು, ಚುಕ್ಕೆ ಯಾವಾಗ ಹೋಯಿತು, ಹೇಗೆ ಹೋಯಿತು ಎಂದು ಕೇಳುತ್ತಾರೆ ಎಂದರು. ಸಭೆ ಮೇ ಹದಿನೈದಕ್ಕೆ.

ನಿಮ್ಮ ಫೆಬ್ರವರಿಯ ಪತ್ರವನ್ನು ಮತ್ತೆ ಓದಿದೆ. ಎಡಗಡೆ, ಮೇಲೆ, ಸಮೀಕರಣದ ಮೂಲೆ ಎಂದು ಬರೆದಿದ್ದೀರಿ. ಎಂಬತ್ತು ಅಡಿ ಆಳ, ಫ್ಲೋರೈಡ್ 2.9. ಹತ್ತೊಂಬತ್ತನೇ ಬಾವಿಯ ಚುಕ್ಕೆ ಬೀಳಬೇಕಾದ ಜಾಗ ಅದೇ.

ನಿಮ್ಮ ಮಾರ್ಚ್ ಪತ್ರದ ನೆನಪನ್ನು ಇನ್ನೊಮ್ಮೆ ನೆನಪು ಮಾಡಿಕೊಳ್ಳಿ.

ಆಂಡಾಳ್


ಮಳವಳ್ಳಿ
27 ಏಪ್ರಿಲ್ 2025

ಟೀಚರ್,

ಇದನ್ನು ಮಳವಳ್ಳಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಎರಡು ಬಸ್ಸು ಬಿಟ್ಟೆ. ಮುಗಿಯುವವರೆಗೂ ಏಳುವುದಿಲ್ಲ.

ಅವರು ಆ ಮಾತು ಹೇಳಲಿಲ್ಲ. ಮೂಲೆ ಕ್ಲೀನ್ ಮಾಡು ಅಂತ ಹೇಳಲಿಲ್ಲ. ಅವರ ಬಾಯಲ್ಲಿ ಆ ಮಾತನ್ನು ನಾನು ಇಟ್ಟೆ. ಸತ್ತವರ ಬಾಯಲ್ಲಿ.

ನಡೆದಿದ್ದು ಹೀಗೆ. ಅಕ್ಷರ ಬದಲಿಸಲು ಸರಿಯಾದ ದಾರಿ ಅಂದರೆ ಅವರ ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿ ಚಿತ್ರವನ್ನು ಮತ್ತೆ ಬರೆಸುವುದು. ಅವರೇ ಹೇಳಿದ್ದರು. ಆದರೆ ಲ್ಯಾಪ್‌ಟಾಪು ಇರಲಿಲ್ಲ, ಸಂಜೆಯೊಳಗೆ ಬೇಕಿತ್ತು. ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ, ಬಿಳಿ ತೇಪೆ ಅಂತ. ಹಳೇ ಅಕ್ಷರದ ಮೇಲೆ ಒಂದು ಬಿಳಿ ಚೌಕ ಇಡುವುದು, ಅದರ ಮೇಲೆ ಹೊಸ ಅಕ್ಷರ ಟೈಪ್ ಮಾಡುವುದು. ಕಾಗದವೂ ಬಿಳಿ, ಚೌಕವೂ ಬಿಳಿ. ಯಾರಿಗೂ ಕಾಣುವುದಿಲ್ಲ. ಅವರು ಟೀ ಕುಡಿಯಲು ಹೋಗಿದ್ದಾಗ ಹಾಗೆ ಮಾಡಿದೆ. ಪಾದ ಇಲ್ಲದ ಅಕ್ಷರ ಹಳೆಯದಕ್ಕಿಂತ ಅಗಲವಾಗಿ ಬಂತು, ಸಮೀಕರಣ ಉದ್ದವಾಯಿತು, ಅದಕ್ಕೆ ಚೌಕವನ್ನು ಹಿಗ್ಗಿಸಿದೆ. ಹಿಗ್ಗಿಸಿದ ಕಡೆ ಒಂದು ಚುಕ್ಕೆ ಒಂಟಿಯಾಗಿ ನಿಂತಿತ್ತು. ನಾನು ನೋಡಲಿಲ್ಲ. ಆಣೆ ಮಾಡಿದರೂ ನೀವು ನಂಬಬೇಕಾಗಿಲ್ಲ, ಆದರೆ ನೋಡಲಿಲ್ಲ. ನಾನು ಅಕ್ಷರ ನೋಡುತ್ತಿದ್ದೆ.

ಅವರು ಬಂದಾಗ, ಅಕ್ಷರ ಸರಿ ಇದೆಯಾ ನೋಡಿ ಸಾರ್ ಅಂದೆ. ಅಕ್ಷರ ನೋಡಿ ಅಂದಿದ್ದಕ್ಕೆ ಅವರೂ ಅಕ್ಷರ ನೋಡಿದರು. ಚೆನ್ನಾಗಿದೆ ಅಂದರು. ತೇಪೆಯೂ ಚಿತ್ರವೂ ಒಂದೇ ಆಗುವ ಹಾಗೆ ಅದನ್ನು ಫೋಟೊ ಮಾಡಿ ಕೊಟ್ಟೆ. ಹಾಗಾಗಿ ಈಗ ವಿಶ್ವವಿದ್ಯಾಲಯದಲ್ಲಿ ಇರುವುದು, ನಿಮ್ಮ ಗೋಡೆಯ ಮೇಲಿರುವುದು ಎಲ್ಲಾ ಫೋಟೊ. ತೇಪೆ ಎತ್ತಲು ಬರುವ ಫೈಲು ನಮ್ಮ ಹಳೇ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಅದು ನಿಧಾನ ಆದ್ದರಿಂದ ಚುಕ್ಕೆಯನ್ನು ಮೊದಲು ಬರೆದು, ಆಮೇಲೆ ತೇಪೆ ಮುಚ್ಚುತ್ತಿತ್ತು. ನಡುವೆ ಅರ್ಧ ಕ್ಷಣ. ನಾನು ಹನ್ನೊಂದು ಸಲ ನೋಡಿದ್ದು ಅದನ್ನೇ. ಫೆಬ್ರವರಿಯಲ್ಲೇ ನನಗೆ ಗೊತ್ತಾಯಿತು. ಅಜ್ಜಿ ಬೇವಿನ ಸೊಪ್ಪು ನಿವಾಳಿಸುವಾಗ ನನಗೆ ಗೊತ್ತಿತ್ತು.

ಮರಿಯಯ್ಯನವರಿಗೆ ಹೇಳಿದ್ದೆ. ಅವರು ಬಾಗಿಲು ಮುಂದೆ ಮಾಡಿಕೊಂಡು ಮೆಲ್ಲಗೆ ಹೇಳಿದರು, “ಸುಮ್ಕಿರ್ಲಾ. ಎಷ್ಟ್ ಜನ ಮೇಷ್ಟ್ರು, ಎಷ್ಟ್ ಜನ ಡಾಕುಟ್ರು ಪುಸ್ತ್ಕ ಮಾಡ್ಸವ್ರೆ ಇಲ್ಲಿ. ತೇಪೆ ಇಸ್ಯ ಆಚ್ಗೆ ಬಂದ್ರೆ ನಾಳಿಂದ ಸಟ್ರು ಎಳ್ಕಂಡು ಓಗದೇಯ. ಸತ್ತೋನು ಬಂದ್ ಕೇಳ್ತಾನಾ?”

ನಿಮ್ಮ ಪ್ರಶ್ನೆ ಬಂದ ದಿನ ಅವರು ನನ್ನ ಹಿಂದೆ ನಿಂತಿದ್ದರು. ಆದರೆ ಪೆನ್ನು ನನ್ನ ಕೈಯಲ್ಲಿತ್ತು. ಅವರನ್ನು ದೂರುವುದಿಲ್ಲ.

ನಿಮ್ಮ ಲೆಕ್ಕದ ಪತ್ರ ಓದಿ ನಿನ್ನೆ ಮದ್ದೂರಿಗೆ ಹೋದೆ. ನನ್ನ ಜಾಗದಲ್ಲಿ ಬೇರೆ ಯಾರೂ ಕೂತಿರಲಿಲ್ಲ. ಹಳೇ ಕಂಪ್ಯೂಟರಿನ ಮೇಲೆ ಟವೆಲ್ ಮುಚ್ಚಿದ್ದರು. ಮರಿಯಯ್ಯನವರು ನನ್ನ ಮುಖ ನೋಡಿದರು. “ತಕ್ಕಂಡೋಗ್ಲಾ ಅತ್ಲಾಗಿ, ಆ ಡಬ್ಬ ನಮ್ಗೂ ಬ್ಯಾಡ,” ಅಂದು ಮದುವೆ ಕಾರ್ಡು ಎಣಿಸುತ್ತಾ ಕೂತರು. ಫೈಲು ಅಳಿಸಲು ಅವರಿಗೆ ಎರಡು ತಿಂಗಳು ಸಮಯವಿತ್ತು. ಅಳಿಸಿರಲಿಲ್ಲ.

ಚೌಕದ ಹಿಗ್ಗಿಸಿದ ಅಂಚನ್ನು ಹಿಡಿದು ಪಕ್ಕಕ್ಕೆ ಎಳೆದೆ. ಚುಕ್ಕೆ ಅಲ್ಲೇ ಇತ್ತು.

ಇನ್ನೊಂದು ಮಾತು. ಅದನ್ನು ಬರೆಯದಿದ್ದರೆ ಇದೂ ತೇಪೆ ಆಗುತ್ತದೆ. ಆ ಹತ್ತೊಂಬತ್ತನೇ ಬಾವಿ ನಮ್ಮ ದೊಡ್ಡಿಯ ಬೋರಿಂಗ್ ಪಂಪು. ಅವರು ಒಂದು ದಿನ ಪರದೆ ಮೇಲೆ ಬೆರಳಿಟ್ಟು, ನೋಡು ಮಹದೇವು, ಎಲ್ಲರಿಗಿಂತ ಬೇರೆ ನಿಂತಿದ್ದಾರಲ್ಲ, ಇವರೇ ನಿಮ್ಮೂರಿನವರು, ಆಳ ಕಮ್ಮಿ, ವಿಷ ಜಾಸ್ತಿ, ನನ್ನ ಪ್ರಬಂಧದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಚುಕ್ಕೆ ಇದು ಅಂದಿದ್ದರು. ಇದೊಂದನ್ನು ತೋರಿಸಿದರೆ ಬೇರೆ ನೀರು ಕೊಡಲೇಬೇಕಾಗುತ್ತದೆ ಅಂದಿದ್ದರು. ಮೂವತ್ತೈದು ಮನೆ, ನಮ್ಮಪ್ಪ ಕೆಂಪಸಿದ್ದಯ್ಯ, ನಮ್ಮಜ್ಜಿ, ನನ್ನ ಹಲ್ಲು, ಎಲ್ಲದರ ಮೇಲೆ ನಾನೇ ಚೌಕ ಎಳೆದಿದ್ದೇನೆ.

ಇದರ ಜೊತೆ ಚುಕ್ಕೆಯ ಮೇಲಿನ ತೇಪೆ ಸರಿಸಿದ ಚಿತ್ರದ ಪ್ರಿಂಟು, ಆ ಫೈಲು ಇರುವ ಪೆನ್‌ಡ್ರೈವು, ಮತ್ತೆ ಸಮಿತಿಗೆ ನಾನು ಸಹಿ ಮಾಡಿದ ಕಾಗದ ಇದೆ. ತಪ್ಪು ನನ್ನದು, ಶ್ರೀಕರ ಸಾರ್ ಅವರಿಗೆ ಗೊತ್ತಿರಲಿಲ್ಲ ಅಂತ ಬರೆದಿದ್ದೇನೆ. ಕರೆದರೆ ಬಂದು ಎಲ್ಲರೆದುರಿಗೆ ಹೇಳುತ್ತೇನೆ.

ನಿಮ್ಮ ಕ್ಷಮೆ ಕೇಳುವುದಿಲ್ಲ. ಮಾರ್ಚ್ ಪತ್ರದ ಮೇಲೆ ಇಡಲು ನನ್ನ ಹತ್ತಿರ ಯಾವ ಚೌಕವೂ ಇಲ್ಲ.

ಮಹದೇವು


ಮಂಡ್ಯ
20 ಜೂನ್ 2025

ಮಹದೇವು,

ನೀವು ಸಮಿತಿಯ ಮುಂದೆ ನಿಂತು ಹೇಳಿದ್ದನ್ನು ಹರಿಪ್ರಿಯಾ ನನಗೆ ಬರೆದು ತೋರಿಸಿದರು. ಮೂರು ಸಲ ಕೇಳಿದರಂತೆ, ಮೂರು ಸಲವೂ ಒಂದೇ ಉತ್ತರ ಕೊಟ್ಟಿರಂತೆ. ಮೊನ್ನೆ ಪತ್ರ ಬಂತು. ಶ್ರೀಕರನ ಹೆಸರಿನ ಮೇಲೆ ಯಾವ ಆಕ್ಷೇಪವೂ ಇಲ್ಲ. ಪದವಿ ಕೊಡುತ್ತಾರೆ. ಹತ್ತೊಂಬತ್ತನೇ ಬಾವಿಯ ಬಗ್ಗೆ ಒಂದು ಪ್ರತ್ಯೇಕ ಟಿಪ್ಪಣಿ ಸೇರಿಸಿ, ಅದರ ಪ್ರತಿಯನ್ನು ನೀರಿನ ಇಲಾಖೆಗೆ ಕಳಿಸಿದ್ದಾರೆ.

ನಿಮ್ಮ ಮಾರ್ಚ್ ತಿಂಗಳ ಪತ್ರವನ್ನು ಹರಿದು ಹಾಕಬೇಕೆಂದು ಎರಡು ಸಲ ಕೈಗೆ ತೆಗೆದುಕೊಂಡೆ. ಹರಿಯಲಿಲ್ಲ. ಅದೂ ನಡೆದದ್ದೇ. ಡೈರಿಯಲ್ಲೇ ಇದೆ. ನಾಲ್ಕೇ ಸಾಲು. ಆ ನಾಲ್ಕು ಸಾಲನ್ನು ನಾನು ಒಂದು ರಾತ್ರಿ, ಒಂದು ಹಗಲು ನಂಬಿದ್ದೆ. ಆ ಹೊತ್ತು ನನಗೆ ವಾಪಸ್ಸು ಬರುವುದಿಲ್ಲ.

ಒಂದು ಕೆಲಸವಿದೆ. ಗ್ರಂಥಾಲಯದ ಪ್ರತಿಗೆ ನಿಯಮದಂತೆ ಪಾದವಿಲ್ಲದ ಅಕ್ಷರಗಳೇ ಇರಲಿ. ಅದನ್ನು ಹರಿಪ್ರಿಯಾ ಸರಿಯಾದ ದಾರಿಯಲ್ಲಿ ಮಾಡಿಸಿದ್ದಾರೆ. ನನಗೆ ಮಾತ್ರ ಒಂದು ಪ್ರತಿ ಬೇಕು, ಅವನು ಬರೆದಿದ್ದ ಅಕ್ಷರಗಳಿರುವುದು, ಓರೆಯಾಗಿ, ಪಾದಗಳ ಸಮೇತ. ಅವು ನಿಮ್ಮ ಫೈಲಿನಲ್ಲಿ ಇನ್ನೂ ಕೆಳಗೆ ಇರಬೇಕಲ್ಲವೇ? ದೊಡ್ಡದಾಗಿ ತೆಗೆದುಕೊಡಿ. ನನ್ನ ಕಣ್ಣಿಗೆ ಕಾಣುವಷ್ಟು.

ಉಳಿದ ಒಂದು ಗುಂಡುಸೂಜಿ ಕಾಯುತ್ತಿದೆ.

ಆಂಡಾಳ್


ನಮ್ಮ ದೊಡ್ಡಿ, ಮಳವಳ್ಳಿ ತಾಲ್ಲೂಕು
6 ಜುಲೈ 2025

ಟೀಚರ್,

ಹಳೇ ಕಂಪ್ಯೂಟರ್ ಈಗ ನಮ್ಮ ಮನೆಯ ಜಗಲಿಯ ಮೇಲಿದೆ. ಮರಿಯಯ್ಯನವರು ನಿಜವಾಗಿಯೂ ಕೊಟ್ಟುಬಿಟ್ಟರು. ಅದರಲ್ಲಿ ನಾನು ಎರಡು ವರ್ಷ ತೇಪೆ ಹಾಕಿದ ಚಿತ್ರಗಳೆಲ್ಲ ಇವೆ. ಇನ್ನೂರ ಹನ್ನೆರಡು. ದಿನಾ ಬೆಳಿಗ್ಗೆ ಒಂದೆರಡು ತೆರೆಯುತ್ತೇನೆ, ನಿಧಾನವಾಗಿ ಬರೆಯುವುದನ್ನು ನೋಡುತ್ತೇನೆ. ಎಲ್ಲಾದರೂ ಏನಾದರೂ ಬಂದು ಹೋದರೆ ನಿಲ್ಲಿಸಿ ಚೌಕವನ್ನು ಪಕ್ಕಕ್ಕೆ ಎಳೆಯುತ್ತೇನೆ. ಇಲ್ಲಿಯವರೆಗೆ ತೊಂಬತ್ತು ನೋಡಿದ್ದೇನೆ. ಐದರಲ್ಲಿ ತೇಪೆಯ ಕೆಳಗೆ ಚುಕ್ಕೆಗಳು ಸಿಕ್ಕವು. ಆ ಐದು ಜನಕ್ಕೆ ಪತ್ರ ಬರೆದೆ. ಒಬ್ಬರು ಬೈದು ಬರೆದರು. ಉಳಿದವರು ಬರೆದಿಲ್ಲ. ಇನ್ನೂ ನೂರ ಇಪ್ಪತ್ತೆರಡು ಇವೆ. ಅಲ್ಲಿಯವರೆಗೂ ಎಲ್ಲಿಗೂ ಹೋಗುವುದಿಲ್ಲ. ನಾನು ಒಂದು ಕಡೆ ಕೂತಿರುವುದು ನೋಡಿ ನಮ್ಮಪ್ಪನಿಗೆ ಭಯವಾಗಿದೆ.

ಏಳನೇ ಚಿತ್ರವನ್ನು ಕೊನೆಗೆ ಇಟ್ಟುಕೊಂಡಿದ್ದೆ, ನಿಮ್ಮ ಪತ್ರ ಬಂದಿದ್ದರಿಂದ ಇವತ್ತು ಮತ್ತೆ ತೆರೆದೆ. ನನ್ನ ಅಕ್ಷರ ತೆಗೆದೆ, ಎಲ್ಲಾ ತೇಪೆಗಳನ್ನೂ ತೆಗೆದೆ. ಅವರ ಸಮೀಕರಣ ಕೆಳಗೆ ಹಾಗೇ ಇತ್ತು, ಓರೆಯಾಗಿ, ಚುಕ್ಕೆಯ ಪಕ್ಕದಲ್ಲಿ, ಅದಕ್ಕೆ ಜಾಗ ಬಿಟ್ಟು. ಅವರು ಎಷ್ಟು ಜಾಗ ಬಿಟ್ಟಿದ್ದರು ಅಂತ ಆಗ ಗೊತ್ತಾಯಿತು.

ದೊಡ್ಡ ಹಾಳೆಯಲ್ಲಿ ಮಳವಳ್ಳಿಯಲ್ಲಿ ಪ್ರಿಂಟು ತೆಗೆಸಿ ತಂದೆ. ಅಜ್ಜಿ ಏನ್ಲಾ ಅದು ಅಂದಳು. ಅಜ್ಜಿಗೆ ಓದಲು ಬರುವುದಿಲ್ಲ. ಇದು ಆ ಸತ್ತವರು ಬರೆದಿದ್ದು ಅಂದೆ. ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಅಕ್ಷರದ ಕೆಳಗೆ, ಪಾದ ಇರುವ ಕಡೆ, ಉಗುರಿನಲ್ಲಿ ಮುಟ್ಟಿದಳು. ನಮ್ಮ ಪಂಪು ಎಲ್ಲಿ ಅಂತ ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳು ಒತ್ತಿ ಹಿಡಿದಳು.

ಆಮೇಲೆ, “ನಮ್ ಪಕ್ದಲ್ಲೇ ನಿಂತವ್ನೆ ಕಣಪ್ಪ,” ಅಂದಳು.

ಹಾಳೆ ಸುತ್ತಿ ಕಳಿಸಿದ್ದೇನೆ. ಆ ಚುಕ್ಕೆಯ ಮೇಲೆ ಸಣ್ಣದಾಗಿ ಒಂದು ಮಣ್ಣಿನ ಗುರುತು ಇದೆ. ಅದು ಅವಳ ಬೆರಳಿನದು. ಬೇರೆ ಪ್ರಿಂಟು ತೆಗೆಸೋಣ ಅಂದುಕೊಂಡೆ, ಅಳಿಸೋಣ ಅಂದುಕೊಂಡೆ. ಅಳಿಸಲಿಲ್ಲ. ಸೂಜಿಯನ್ನು ಅಲ್ಲಿಗೆ ಚುಚ್ಚಿ.

ಮಹದೇವು